ನೆಲ ಮುಟ್ಟದ ಹೂವಿನ ಬುಟ್ಟಿ

"ಅಣ್ಣ, ಒಂಚೂರು ಎದ್ದು ನಿಂತ್ಕೊಳಿ. ಅಳತೆ ನೋಡ್ಬೇಕು."

"ನಿಂತೇ ಇದೀನಿ ಕಣಪ್ಪ."

ತುಮಕೂರಿನ ಶಿರಾ ಗೇಟ್ ಹತ್ತಿರದ ಸೈಕಲ್ ಅಂಗಡಿಯೊಂದರಲ್ಲಿ 1997ರ ಬೇಸಿಗೆಯಲ್ಲಿ ನಡೆದ ಮಾತಿದು. ಕೇಳಿದವರು ಅಂಗಡಿಯ ರಾಮಾಂಜಿನಯ್ಯ. ಉತ್ತರ ಕೊಟ್ಟವರು ದೇವರಾಯನದುರ್ಗ ಬೆಟ್ಟದ ಬುಡದ ಹಳ್ಳಿಯಿಂದ ಬಂದಿದ್ದ ಲಕ್ಷ್ಮೀನರಸಿಂಹಯ್ಯ. ಸ್ವಲ್ಪ ಮುಂಚೆ ಅವರು ಬೆಂಚಿನ ಮೇಲೆ ಕೂತಿದ್ದಾಗ ರಾಮಾಂಜಿನಯ್ಯ ಒಳಗಿನಿಂದಲೇ ಕಣ್ಣಳತೆ ಮಾಡಿ, ಈ ಆಸಾಮಿಗೆ ಇಪ್ಪತ್ನಾಲ್ಕರ ಫ್ರೇಮೇ ಬೇಕು ಎಂದು ಲೆಕ್ಕ ಹಾಕಿದ್ದರು. ಅಂಗಡಿಯಲ್ಲಿದ್ದ ಅತಿ ದೊಡ್ಡ ಅಳತೆ ಅದು. ಅವರು ಕೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಗಿರಾಕಿ ಎದ್ದು ನಿಂತಾಗಿತ್ತು. ಅದು ಅವರಿಗೆ ತಿಳಿಯಲಿಲ್ಲ, ಅಷ್ಟೆ.

ನರಸಿಂಹಯ್ಯನವರಿಗೆ ಇದು ಹೊಸದೇನಲ್ಲ. ಸೊಂಟದಿಂದ ಮೇಲೆ ಅವರದು ಆರಡಿ ಆಳಿನ ಮೈ. ಸೊಂಟದಿಂದ ಕೆಳಗೆ ಶಾಲೆಗೆ ಹೋಗುವ ಹುಡುಗನ ಕಾಲು. ಕಾಯಿಲೆಯಿಂದ ಹಾಗಾದದ್ದಲ್ಲ, ಹುಟ್ಟಿದ್ದೇ ಹಾಗೆ. ಬಸ್ಸಿನಲ್ಲಿ ಕೂತರೆ ಹಿಂದಿನ ಸೀಟಿನವರು ತಲೆ ಬಗ್ಗಿಸಲು ಹೇಳುತ್ತಿದ್ದರು. ಇಳಿಯಲು ಎದ್ದರೆ ಆ ಎತ್ತರದ ಮನುಷ್ಯ ಎಲ್ಲಿ ಹೋದನೆಂದು ಕಂಡಕ್ಟರು ಹುಡುಕುತ್ತಿದ್ದ. ಹೆಣ್ಣು ನೋಡಲು ಗುಬ್ಬಿಗೆ ಹೋದಾಗಲೂ ಕುರ್ಚಿಯಲ್ಲಿ ಕೂತಿದ್ದ ವರನನ್ನು ಎಲ್ಲರೂ ಒಪ್ಪಿದ್ದರು. ಹೊರಡಲು ಎದ್ದಾಗ ಹುಡುಗಿಯ ದೊಡ್ಡಪ್ಪ, ಇನ್ನೂ ಪೂರ್ತಿ ಏಳಲಿ ಎಂದು ಕಾದು ನಿಂತರಂತೆ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಹುಡುಗಿ ವನಜಮ್ಮ ಕಿಸಕ್ಕನೆ ನಕ್ಕು, "ಕೂತೇ ಇದ್ರೆ ಆಯ್ತು ಬುಡಿ" ಎಂದಳು. ಮದುವೆ ನಿಲ್ಲಲಿಲ್ಲ. ಈ ಕತೆಯನ್ನು ಊರಿಗೆಲ್ಲ ಹೇಳಿದವರು ಸ್ವತಃ ನರಸಿಂಹಯ್ಯನವರೇ.

ಸೈಕಲ್ ಬೇಕಾಗಿದ್ದು ಶನಿವಾರದ ಹೂವಿಗೆ.

ತೆಂಗಿನ ತೋಟದ ಅಂಚಿನಲ್ಲಿ ಅವರ ಮನೆಯವರು ಮಲ್ಲಿಗೆ, ಕನಕಾಂಬರ, ತುಳಸಿ ಬೆಳೆಯುತ್ತಿದ್ದರು. ವಾರಕ್ಕೊಮ್ಮೆ ಒಂದು ದೊಡ್ಡ ಬುಟ್ಟಿ ಹೂವು ಬೆಟ್ಟದ ಮೇಲಿನ ನರಸಿಂಹಸ್ವಾಮಿಗೆ ಹೋಗಬೇಕು. ತಾತ ಹೊತ್ತರು, ಅಪ್ಪ ಹೊತ್ತರು, ಆಮೇಲೆ ಇವರು. ಮನೆಯ ಕಟ್ಟಳೆ ಒಂದೇ: ಹೂವು ಬಿಡಿಸಿ ಬುಟ್ಟಿಗೆ ಹಾಕಿದ ಮೇಲೆ ಗುಡಿಯ ಬಾಗಿಲಿನವರೆಗೆ ಬುಟ್ಟಿ ನೆಲ ಮುಟ್ಟಬಾರದು. ತಾಯಿ ದೊಡ್ಡಗಂಗಮ್ಮ ಅದಕ್ಕೆ ಕಾವಲು. ತೊಳೆದ ಹಸಿ ಬಾಳೆಪಟ್ಟೆಯನ್ನು ಬುಟ್ಟಿಯ ತಳಕ್ಕೆ ತಾವೇ ಕಟ್ಟುತ್ತಿದ್ದರು. ಎಲ್ಲಿ ಇಳಿಸಿದರೂ ಪಟ್ಟೆಗೆ ಮಣ್ಣಿನ ಗುರುತು ಬೀಳುತ್ತದೆ. ಮೇಲೆ ಅರ್ಚಕರು ಬುಟ್ಟಿ ಎತ್ತಿ ತಳ ನೋಡಿಯೇ ಒಳಗೆ ಒಯ್ಯುವರು. ಇಳಿಸಿದ ಹೂವು ದೇವರಿಗಿಲ್ಲ, ದನಕ್ಕೆ.

ಆ ವರ್ಷದ ಸಂಕ್ರಾಂತಿಯ ಹೊತ್ತಿಗೆ ನರಸಿಂಹಯ್ಯನವರ ಕತ್ತು ಕೈಕೊಟ್ಟಿತು. ಬಲಗೈ ಜೋಮು ಹಿಡಿಯತೊಡಗಿತು. ತಲೆಯ ಮೇಲೆ ಇನ್ನು ಏನನ್ನೂ ಹೊರಕೂಡದು ಎಂದರು ಡಾಕ್ಟರು. ನೆಂಟರನ್ನು, ಆಳುಗಳನ್ನು ಕಾಡಿ ಬೇಡಿ ಹೊರಿಸಿದರು. ಕೆಲವು ಶನಿವಾರ ತಡವಾಯಿತು. ದಾಯಾದಿ ಸದಾಶಿವಯ್ಯ ತನ್ನ ಮೊಪೆಡ್ಡಿನಲ್ಲಿ ಒಯ್ಯುತ್ತೇನೆಂದ. ದೊಡ್ಡಗಂಗಮ್ಮ ಅದರ ಹತ್ತಿರ ಹೋಗಿ ಮೂಗು ಮುಚ್ಚಿಕೊಂಡರು. "ಪೆಟ್ರೋಲು ನಾತ ಬಡ್ದಿರೋ ಹೂವ ದೇವ್ರ ಕೊರಳಿಗೆ ಹಾಕ್ತೀಯೇನ್ಲಾ?"

ಅರ್ಚಕರು ಗಟ್ಟಿಯಾಗಿ ಮಾತಾಡುವವರಲ್ಲ. "ನಾನು ಬೇಡ ಅಂತಿಲ್ಲ, ನರಸಿಂಹಯ್ಯ. ಅಭಿಷೇಕ ಕಾಯೋದಿಲ್ಲ ನೋಡಿ. ಶ್ರಾವಣ ಬರೋದ್ರೊಳಗೆ ಏನಾದ್ರೂ ದಾರಿ ಮಾಡ್ಕೊಳಿ. ಇಲ್ದಿದ್ರೆ ಮಾರ್ಕೆಟ್ಟಿಂದ ತರಿಸೋ ಏರ್ಪಾಡು ಮಾಡ್ತೀವಿ." ಒಮ್ಮೆ ಆ ಏರ್ಪಾಡಾದರೆ ಮತ್ತೆ ತಮ್ಮ ಬುಟ್ಟಿಗೆ ಜಾಗ ಇರುವುದಿಲ್ಲವೆಂದು ನರಸಿಂಹಯ್ಯನವರಿಗೆ ಗೊತ್ತಿತ್ತು.

ಅವರಿಗೆ ಸೈಕಲ್ ಬರುತ್ತಿತ್ತು, ಒಳಪೆಡ್ಲಿನಲ್ಲಿ ಮಾತ್ರ. ಫ್ರೇಮಿನ ಒಳಗೆ ಕಾಲು ತೂರಿಸಿ ಹುಡುಗರು ಹೊಡೆಯುವ ಹಾಗೆ, ಮೂವತ್ತು ದಾಟಿದ ಮೇಲೂ ಅವರು ಊರ ರಸ್ತೆಯಲ್ಲಿ ಹಾಗೇ ಹೊಡೆಯುತ್ತಿದ್ದರು. ಬೆಟ್ಟಕ್ಕೆ ಅದು ಆಗದು. ಸೀಟಿನ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕದು. ನಿಲ್ಲಬೇಕಾದರೆ ಪಕ್ಕಕ್ಕೆ ಹಾರಬೇಕು. ಹಾರಿದರೆ ಸೈಕಲ್ ವಾಲುತ್ತದೆ, ಬುಟ್ಟಿ ನೆಲಕ್ಕೆ.

ರಾಮಾಂಜಿನಯ್ಯನವರಿಗೆ ಅವರು ಹೇಳಿದ್ದು ಇಷ್ಟೇ. "ಓಡ್ಸೋಕೆ ಯಾವ ಸೈಕಲ್ ಆದ್ರೂ ಆಯ್ತದೆ ಕಣಪ್ಪ. ನಂಗೆ ನಿಲ್ಸೋಕೆ ಆಗೋ ಸೈಕಲ್ ಬೇಕು. ಏರಲ್ಲಿ, ಬುಟ್ಟಿ ಸಮೇತ."

ರಾಮಾಂಜಿನಯ್ಯ ಕುಣಿಗಲ್ಲಿನವರು. ಅವರ ತಂದೆ ಅಲ್ಲಿನ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವರು. ಮಗ ಗ್ಯಾಸ್ ವೆಲ್ಡಿಂಗ್ ಕಲಿತು ತುಮಕೂರಿಗೆ ಬಂದರೂ ಸೈಕಲ್ಲನ್ನು ಮಾತಾಡಿಸುವುದು ಕುದುರೆಯಂತೆಯೇ. ಅವರು ಸ್ಪ್ಯಾನರ್ ಕೆಳಗಿಟ್ಟು, ನರಸಿಂಹಯ್ಯನವರನ್ನು ಮತ್ತೆ ಬೆಂಚಿನ ಮೇಲೆ ಕೂರಿಸಿ, ಸುತ್ತ ಒಂದು ಸಲ ಬಂದರು. "ಬೆಟ್ಟಕ್ಕೆ ದಪ್ಪ ಟೈರು ಬೇಕು. ಗೇರು ಬೇಕು. ಅಂಥ ಸೈಕಲ್ ಎಲ್ಲಾದ್ರೂ ಹಳೇದು ಹುಡುಕಿ. ಮಿಕ್ಕಿದ್ದು ನಂಗೆ ಬುಡಿ."

ಅದು ಸಿಕ್ಕಿದ್ದು ಗುಬ್ಬಿಯಲ್ಲಿ. ಅಲ್ಲಿನ ವಕೀಲರೊಬ್ಬರ ಕೊಟ್ಟಿಗೆಯಲ್ಲಿ, ಮಗ ಎರಡು ದಿನ ಓಡಿಸಿ ಬಿಟ್ಟಿದ್ದ ಬೆಟ್ಟದ ಸೈಕಲ್ ಒಂದು ಹುಲ್ಲಿನ ಹಿಂದೆ ಧೂಳು ತಿನ್ನುತ್ತಿತ್ತು. ವನಜಮ್ಮನ ತವರಿನವರು ಮಾತಾಡಿ ಕೊಡಿಸಿ, ಬಸ್ಸಿನ ಟಾಪಿನ ಮೇಲೆ ಹಾಕಿ ಕಳಿಸಿದರು.

ರಾಮಾಂಜಿನಯ್ಯ ಫ್ರೇಮನ್ನು ಕತ್ತರಿಸಿ ತಗ್ಗಿಸಿದರು. ತಗ್ಗಿಸಿದರೆ ಪೆಡಲು ರಸ್ತೆಗೆ ಬಡಿಯುತ್ತದೆ, ಮೊಣಕಾಲು ಹೊಟ್ಟೆಗೆ ಬರುತ್ತದೆ. ಅದಕ್ಕೆ ಪೆಡಲನ್ನು ಹಿಡಿದಿರುವ ಕಬ್ಬಿಣದ ತೋಳುಗಳನ್ನೇ ತೆಗೆದು, ಮಕ್ಕಳ ಸೈಕಲ್ಲಿನ ಗಿಡ್ಡ ತೋಳು ಕೂರಿಸಿದರು. ಗಿಡ್ಡ ತೋಳಿನಿಂದ ತುಳಿತ ಭಾರವಾಗುತ್ತದೆ. ಆ ಭಾರ ಕಳೆಯಲು ಗೇರು ಇತ್ತು. ಕೆಲಸ ಮುಗಿದಾಗ ಎಲ್ಲ ಕಡೆಯಿಂದಲೂ ಪುಟ್ಟದಾದ ಒಂದು ಸೈಕಲ್ ನಿಂತಿತ್ತು. ಹಿಂದೆ ಬುಟ್ಟಿಗೊಂದು ಕ್ಯಾರಿಯರ್. ನರಸಿಂಹಯ್ಯ ಸೀಟಿನ ಮೇಲೆ ಕೂತರು. ಎರಡೂ ಪಾದ ಪೂರ್ತಿ ನೆಲದ ಮೇಲೆ. ಅವರ ಜೀವನದಲ್ಲಿ ಹಾಗೆ ಕೂತದ್ದು ಅದೇ ಮೊದಲು. ತುಂಬ ಹೊತ್ತು ಇಳಿಯಲಿಲ್ಲ.

ಆಷಾಢದ ಕೊನೆಯ ಶನಿವಾರ ಬೆಳಗಿನ ಜಾವ ಬುಟ್ಟಿಯನ್ನು ಕ್ಯಾರಿಯರಿಗೆ ಬಿಗಿದರು. ದೊಡ್ಡಗಂಗಮ್ಮನಿಗೆ ಸರಿ ಕಾಣಲಿಲ್ಲ. "ದೇವ್ರ ಹೂವ ಕುಂಡಿ ಹಿಂದಕ್ಕೆ ಕಟ್ಕೊಂಡು ಹೋಗ್ತೀಯೇನೋ?"

"ಸೈಕಲ್ಲಲ್ಲಿ ಕ್ಯಾರಿಯರ್ ಇರೋದೇ ಹಿಂದ್ಗಡೆ ಕಣಮ್ಮ."

"ನಿಮ್ಮಪ್ಪ ಹಂಗೆ ಹೊತ್ಕೊಂಡು ಹೋಗಿದ್ನಾ? ಕಣ್ಮುಂದೆ ಇಟ್ಕೊಳೋ."

ಅವರು ಹೊರಟೇಬಿಟ್ಟರು. ಕಾಡು ದಾಟಿ ಏರು ಶುರುವಾದ ಮೇಲೂ ಸೈಕಲ್ ಚೆನ್ನಾಗಿಯೇ ಹತ್ತಿತು. ಆಮೇಲೆ ಕಡಿದಾದ ತಿರುವು ಬಂತು. ಜೋರಾಗಿ ತುಳಿದರು. ಮುಂದಿನ ಚಕ್ರ ನೆಲ ಬಿಟ್ಟು ಮೇಲೆದ್ದಿತು. ಏನೆಂದು ತಿಳಿಯುವ ಮೊದಲೇ ನರಸಿಂಹಯ್ಯ ಹಿಂದಕ್ಕೆ ಜಾರಿ ರಸ್ತೆಯಲ್ಲಿ ಕೂತಿದ್ದರು. ಪಕ್ಕದಲ್ಲಿ, ಕಟ್ಟು ಬಿಚ್ಚಿ ಜಾರಿದ ಬುಟ್ಟಿಯೂ ಕೂತಿತ್ತು, ನೆಟ್ಟಗೆ. ಒಂದು ಮೊಗ್ಗೂ ಚೆಲ್ಲಿರಲಿಲ್ಲ. ಬಾಳೆಪಟ್ಟೆಯ ಮೇಲೆ ಮಾತ್ರ ರಸ್ತೆಯ ಗೀರು.

ಸುತ್ತ ಕೋತಿಗಳಲ್ಲದೆ ಯಾರೂ ಇರಲಿಲ್ಲ. ತಿರುವಿನ ಕೆಳಗಿನ ತೋಟದಲ್ಲಿ ಬಾಳೆಗಿಡಗಳಿದ್ದವು. ಒಂದು ಪಟ್ಟೆ ಸುಲಿದು ತಳಕ್ಕೆ ಕಟ್ಟಿದ್ದರೆ ಅರ್ಚಕರಿಗೂ ತಿಳಿಯುತ್ತಿರಲಿಲ್ಲ, ತಾಯಿಗೂ ತಿಳಿಯುತ್ತಿರಲಿಲ್ಲ. ನರಸಿಂಹಯ್ಯ ಬಾಳೆಗಿಡಗಳನ್ನು ನೋಡಿದರು. ಎದ್ದು ಮೈ ಕೊಡವಿಕೊಂಡು, ಸೈಕಲ್ಲನ್ನು ಕೆಳಮುಖ ತಿರುಗಿಸಿ ಮನೆಗೆ ಬಂದು, ಮಲ್ಲಿಗೆಯನ್ನೆಲ್ಲ ದನದ ಮುಂದೆ ಸುರಿದರು. ಅಂದಿನ ಅಭಿಷೇಕಕ್ಕೆ ಮಾರ್ಕೆಟ್ಟಿನ ಹೂವು ಹೋಯಿತು. ಮುಂದಿನ ಶನಿವಾರ ಶ್ರಾವಣದ್ದು.

ಸುದ್ದಿ ಕೇಳಿ ಮಾರನೆಯ ದಿನವೇ ರಾಮಾಂಜಿನಯ್ಯ ಬಸ್ಸು ಹತ್ತಿ ಬಂದರು. ಬಿದ್ದ ತಿರುವಿಗೆ ಹೋಗಿ, ನರಸಿಂಹಯ್ಯನವರಿಂದ ಬುಟ್ಟಿಯಿಲ್ಲದೆ ಸೈಕಲ್ ಹತ್ತಿಸಿ ಪಕ್ಕದಲ್ಲಿ ನಿಂತು ನೋಡಿದರು. ಮತ್ತೆ ನೋಡಿದರು. ಆಮೇಲೆ ತಲೆ ಚಚ್ಚಿಕೊಂಡರು.

"ಕುದುರೆ ಮುಂಗಾಲು ಎತ್ದಂಗೆ ಎತ್ತುತ್ತೆ ಅಣ್ಣ. ನಿಮ್ಮ ಭಾರ ಎಲ್ಲಾ ಸೊಂಟದ ಮೇಲೇ ಐತೆ. ನಾನು ಅದನ್ನ ತಗೊಂಡೋಗಿ ಹಿಂದಿನ ಚಕ್ರದ ಮೇಲೆ ಕೂರ್ಸಿದೀನಿ, ಸಾಲ್ದು ಅಂತ ಬುಟ್ಟೀನೂ ಹಿಂದೆ. ಗಿಡ್ಡ ಮನುಷ್ಯ ಅಂತ ಗಿಡ್ಡ ಸೈಕಲ್ ಮಾಡ್ಬಿಟ್ಟೆ. ನೀವು ಗಿಡ್ಡ ಅಲ್ಲ. ನಿಮ್ಮ ಕಾಲು ಗಿಡ್ಡ, ಅಷ್ಟೇಯ."

ಮನೆಗೆ ಬಂದು, ಬುಟ್ಟಿ ಇನ್ನು ಹ್ಯಾಂಡಲಿನ ಮುಂದೆ ಬರಬೇಕು ಎಂದಾಗ ದೊಡ್ಡಗಂಗಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು. "ನಾನೇನ್ ಹೇಳ್ದೆ ಮತ್ತೆ?"

"ನೀವು ಹೇಳಿದ್ದೇ ಸರಿ ಕಣಮ್ಮ" ಎಂದರು ರಾಮಾಂಜಿನಯ್ಯ. "ಆದ್ರೆ ಕಾರಣ ಬೇರೆ."

"ಯಾವ ಕಾರಣನೋ ಏನೋ. ಮುಂದಕ್ಕೆ ಬಂತಲ್ಲ, ಸಾಕು ಬುಡು."

ಆ ವಾರ ಶಿರಾ ಗೇಟಿನ ಅಂಗಡಿಯಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಎತ್ತರ ಇದ್ದ ಹಾಗೇ ಉಳಿಯಿತು, ಉದ್ದ ಬೆಳೆಯಿತು. ಹಿಂದಿನ ಚಕ್ರ ಇನ್ನಷ್ಟು ಹಿಂದಕ್ಕೆ, ಹ್ಯಾಂಡಲ್ ಇನ್ನಷ್ಟು ಮುಂದಕ್ಕೆ ಹೋಯಿತು. ಹಿಂದಕ್ಕೆ ವಾಲಿದ್ದ ಸೀಟಿನ ಪೈಪನ್ನು ನೆಟ್ಟಗೆ ನಿಲ್ಲಿಸಿ ಸೀಟನ್ನು ಪೆಡಲಿನ ಮೇಲಕ್ಕೆ ತಂದರು. ಮುಂದಿನ ಚಕ್ರದ ಮೇಲೆ, ಸವಾರನ ಕಣ್ಣೆದುರು, ಕಬ್ಬಿಣದ ಬಳೆಯೊಂದರಲ್ಲಿ ಬುಟ್ಟಿ ಕೂರುವ ಹಾಗೆ ಮಾಡಿದರು. ತಗ್ಗಾಗಿ, ಉದ್ದವಾಗಿ, ಮೂತಿ ಮುಂದೆ ಚಾಚಿ ನಿಂತ ಅದನ್ನು ನೋಡಿದ ಪಕ್ಕದಂಗಡಿಯವನು "ಮುಂಗುಸಿ" ಎಂದ. ಹೆಸರು ನಿಂತುಬಿಟ್ಟಿತು.

ಶ್ರಾವಣದ ಮೊದಲ ಶನಿವಾರ ತುಂತುರು ಮಳೆ. ನರಸಿಂಹಯ್ಯ ಬುಟ್ಟಿಯನ್ನು ಬಳೆಯಲ್ಲಿ ಕೂರಿಸಿದರು. ವನಜಮ್ಮ ಬುಟ್ಟಿಯ ಮೇಲಿನ ಒದ್ದೆ ಬಟ್ಟೆಯನ್ನು ಇನ್ನೊಮ್ಮೆ ಸರಿಮಾಡಿದರು. ಅದೇ ತಿರುವು ಬಂತು. ಮುಂದಿನ ಚಕ್ರ ನೆಲಕ್ಕೆ ಅಂಟಿಕೊಂಡೇ ಇತ್ತು. ತಿರುವಿನ ಅರ್ಧದಲ್ಲಿ ಅವರ ಉಸಿರು ಮುಗಿಯಿತು. ರಸ್ತೆ ಜಾರುತ್ತಿತ್ತು. ಇನ್ನೊಂದು ತುಳಿತಕ್ಕೂ ಕಾಲಲ್ಲಿ ಬಲವಿರಲಿಲ್ಲ. ಬ್ರೇಕು ಹಿಡಿದು ಎರಡೂ ಪಾದ ಟಾರಿನ ಮೇಲೆ ಊರಿದರು.

ಸೈಕಲ್ ನಿಂತಿತು. ವಾಲಲಿಲ್ಲ. ಬುಟ್ಟಿ ಅಲುಗಲಿಲ್ಲ.

ಬೆಟ್ಟಕ್ಕೆ ಹೋಗುತ್ತಿದ್ದ ವ್ಯಾನೊಂದು ಪಕ್ಕದಲ್ಲಿ ನಿಧಾನವಾಯಿತು. ಕಿಟಕಿಯಿಂದ ಯಾರೋ ಕೂಗಿದರು. "ಏನ್ ಯಜಮಾನ್ರೇ, ನಡುರಸ್ತೇಲಿ ಕೂತ್ಬಿಟ್ರಾ?"

"ನಿಂತಿದೀನಿ ಕಣ್ರಪ್ಪ!" ಎಂದರು ನರಸಿಂಹಯ್ಯ. ಆ ಮಾತನ್ನು ಅವರು ಅಷ್ಟು ಖುಷಿಯಿಂದ ಹಿಂದೆಂದೂ ಹೇಳಿರಲಿಲ್ಲ.

ಉಸಿರು ತಿರುಗಿದ ಮೇಲೆ ಅತಿ ಹಗುರದ ಗೇರಿಗೆ ಹಾಕಿ ಮತ್ತೆ ತುಳಿದರು. ಮೇಲೆ ತಲುಪುವುದರೊಳಗೆ ಇನ್ನೂ ಹಲವು ಕಡೆ ನಿಂತರು, ಹೊರಟರು. ಅಭಿಷೇಕಕ್ಕೆ ಇನ್ನೂ ನೀರು ತುಂಬುತ್ತಿದ್ದರು. ಅರ್ಚಕರು ಬುಟ್ಟಿ ಎತ್ತಿ, ತಳ ನೋಡಿ, ಒಳಗೆ ಒಯ್ದರು. ಮಾರ್ಕೆಟ್ಟಿನ ಏರ್ಪಾಡಿನ ಮಾತು ಮತ್ತೆ ಬರಲಿಲ್ಲ.

ಆಮೇಲೆ ಹನ್ನೆರಡು ವರ್ಷ ಮುಂಗುಸಿ ಬೆಟ್ಟ ಹತ್ತಿತು. ಚೈನು, ಟೈರು, ಗೇರಿನ ತಂತಿ ಬದಲಾದವು. ಫ್ರೇಮು ಅದೇ. ವಾರದ ಕೊನೆಗೆ ಹೆಲ್ಮೆಟ್ ಹಾಕಿಕೊಂಡು ಬೆಟ್ಟಕ್ಕೆ ಬರುವ ಸವಾರರು ಒಮ್ಮೆ ಅವರನ್ನು ತಡೆದು ಇದು ಯಾವ ಕಂಪನಿಯದೆಂದು ಕೇಳಿದರು. ಒಬ್ಬ ಹತ್ತಿ ನೋಡಿದ. ಅವನ ಮೊಣಕಾಲು ಗಲ್ಲಕ್ಕೆ ಬಡಿಯಿತು. "ಬುಡಪ್ಪ, ನಿನ್ನ ಕಾಲು ಸರಿಯಿಲ್ಲ" ಎಂದರು ನರಸಿಂಹಯ್ಯ. ತಾಯಿ ತೀರಿಕೊಂಡ ಮೇಲೆ ಬಾಳೆಪಟ್ಟೆ ಕಟ್ಟುವ ಕೆಲಸ ವನಜಮ್ಮನದಾಯಿತು.

ಹಳೆಯ ಅರ್ಚಕರು ವಯಸ್ಸಾಗಿ ಪೂಜೆ ಬಿಟ್ಟ ಮೇಲೆ ಹೊಸಬರು ಬಂದರು. ಚಿಕ್ಕ ಪ್ರಾಯದವರು. ಮೊದಲ ಶನಿವಾರ ಅವರು ಬುಟ್ಟಿ ಇಸಿದುಕೊಂಡು ನೇರ ಒಳಗೆ ಹೊರಟರು. ನರಸಿಂಹಯ್ಯ ಸೈಕಲ್ ಬಿಟ್ಟು ಕದಲಲಿಲ್ಲ.

"ಸ್ವಾಮಿ, ತಳ ನೋಡ್ಲಿಲ್ಲ."

"ತಳದಲ್ಲಿ ಏನಿದೆ?"

"ಏನೂ ಇಲ್ಲ. ನೋಡಿ ತಗೊಳಿ."

ಹೊಸ ಅರ್ಚಕರು ಬುಟ್ಟಿಯನ್ನು ತಲೆಯ ಮಟ್ಟಕ್ಕೆ ಎತ್ತಿ ಕೆಳಗಿನಿಂದ ನೋಡಿದರು. ಬಾಳೆಪಟ್ಟೆ ಹಸಿರಾಗಿತ್ತು, ಬೆಳಿಗ್ಗೆ ತೊಳೆದ ನೀರು ಇನ್ನೂ ಆರಿರಲಿಲ್ಲ.