ಅತ್ತೆಗೆಂದು ಒಯ್ದ ಹಾರ

ಕಳೆದ ವಾರ ಕಚೇರಿಗೆ ಪದವಿ ಪತ್ರದ ನಕಲು ಬೇಕಾಗಿ ಹಳೆಯ ಫೈಲು ಬಿಚ್ಚಿದೆ. ಒಣಗಿದ ಸುಗಂಧರಾಜದ ಹಾರದ ತುಂಡೊಂದು ಜಾರಿ ಬಿತ್ತು. ಹೂವಿನ ಪರಿಮಳ ಎಂದೋ ಹೋಗಿತ್ತು. ದಾರದಲ್ಲಿ ಮಾತ್ರ ಕೊಬ್ಬರಿ ಎಣ್ಣೆಯೂ ಮುಖದ ಬಣ್ಣವೂ ಬೆರೆತ ವಾಸನೆ... ಅತ್ತೆಯ ವಾಸನೆ.

ನಂಟಿನ ಅತ್ತೆಯಲ್ಲ. ಹೊಸೂರು ಬಳಿಯ ಮೂಕಂಡಪಲ್ಲಿಯಲ್ಲಿ ನಮ್ಮ ಪಕ್ಕದ ಮನೆಯವರು, ನಟಿ. ರಾಯಕೋಟೆ ಸುತ್ತಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಟ್ಟಿದರೆ ಹೆಣ್ಣು ಪಾತ್ರಕ್ಕೆ ಅವರಿಗೇ ವೀಳ್ಯ ಬರುತ್ತಿತ್ತು. ಒಂದೂರಲ್ಲಿ ದ್ರೌಪದಿ, ಇನ್ನೊಂದೂರಲ್ಲಿ ಕುಂತಿ. ಕೃಷ್ಣನ ಪಾತ್ರದವನು ಕೈಕೊಟ್ಟರೆ ತಾವೇ ಕೃಷ್ಣ. ತೆಲುಗಿನವರ ಊರಾದರೆ ಪದ್ಯವೂ ತೆಲುಗಿನಲ್ಲೇ. ಆಮೇಲೆ ಒಂದೆರಡು ಸಿನಿಮಾ, ಬೆಂಗಳೂರಿನ ಧಾರಾವಾಹಿಗಳು. ಅವರಿಗೆ ಓದು ಬರದು. ಸಂಭಾಷಣೆಯನ್ನು ನಾನು ಓದಿ ಹೇಳುತ್ತಿದ್ದೆ; ಎರಡು ಸಲ ಕೇಳಿದರೆ ಅದು ಅವರದಾಗುತ್ತಿತ್ತು.

ಪ್ಲಸ್ ಟು ಮುಗಿದಾಗ ಅಪ್ಪ ನನ್ನನ್ನು ಗಾರ್ಮೆಂಟ್ಸ್‌ಗೆ ಕಳಿಸಲು ಹೊರಟರು. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

“ರಾಣಿ ಆಗಿವ್ನಿ, ರಾಕ್ಷಸಿ ಆಗಿವ್ನಿ. ಓದಿದೋಳ ಪಾತ್ರ ಮಾತ್ರ ಯಾರೂ ಕೊಡ್ಲಿಲ್ಲ ಕಣಣ್ಣ. ಇವಳಾದ್ರೂ ಅದ್ನ ನಿಜವಾಗ್ಲೂ ಮಾಡ್ಲಿ ಬುಡು.”

ಅಪ್ಪ ಸೋತರು. ಡಿಗ್ರಿ ತಂದು ನಿಮ್ಮ ಕೈಲಿಡುತ್ತೇನೆ ಎಂದು ನಾನು ಅತ್ತೆಗೆ ಮಾತು ಕೊಟ್ಟೆ.

ಕೃಷ್ಣಗಿರಿಯಲ್ಲಿ ಓದಿದೆ. ನಮ್ಮ ಮನೆತನದಲ್ಲೇ ಮೊದಲ ಪದವಿ. ಪತ್ರ ಕೈಗೆ ಬಂದಾಗ ಕೆಲಸ ಹುಡುಕುವ ಓಡಾಟ. ಇಂದು ನಾಳೆ ಎನ್ನುತ್ತ ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಅಮ್ಮನ ಫೋನು.

“ನಿಮ್ಮತ್ತೆ ಹೋಗ್ಬುಟ್ರು ಕಣೇ... ಎದುರು ಮನೆ ಟಿವೀಲಿ ಫೋಟೋಗೆ ಹಾರ ಹಾಕಿ ದೀಪ ಹಚ್ಚವ್ರೆ. ನಾನೇ ಕಣ್ಣಾರೆ ನೋಡ್ದೆ.”

ಅತ್ತೆಯ ಫೋನು ಸ್ವಿಚ್ ಆಫ್. ಪತ್ರ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಹೊಸೂರಿನಲ್ಲಿ ಹಾರ ಕೊಂಡೆ. ಒಂದು ತಿಂಗಳು ಮೊದಲು ಬಂದಿದ್ದರೆ... ದಾರಿಯುದ್ದಕ್ಕೂ ಅದೊಂದೇ ಸಂಕಟ.

ಅವರು ಅಷ್ಟರಲ್ಲಾಗಲೇ ಅವಲಪಲ್ಲಿಗೆ ಮನೆ ಬದಲಿಸಿದ್ದರು. ಹೋದರೆ ಅಲ್ಲಿ ಜನವಿಲ್ಲ, ಶಾಮಿಯಾನವಿಲ್ಲ. ಬಾಗಿಲು ತೆರೆದವರು ಅತ್ತೆಯೇ! ಯಾವುದೋ ಶೂಟಿಂಗ್ ಮುಗಿಸಿ ಆಗಷ್ಟೇ ಬಂದಿದ್ದರು. ಅರ್ಧ ಮುಖಕ್ಕೆ ಬಣ್ಣ, ಅರ್ಧಕ್ಕೆ ಕೊಬ್ಬರಿ ಎಣ್ಣೆ.

“ಯಾರಿಗೇ ಹಾರ?”

ಹೊಸ್ತಿಲಲ್ಲೇ ಕೂತು, ಅಳುತ್ತಲೇ ಎಲ್ಲ ಹೇಳಿದೆ. ಅವರು ಗೋಡೆ ಹಿಡಿದುಕೊಂಡು ನಕ್ಕರು.

“ನಿಮ್ಮಮ್ಮನ ಬುದ್ಧಿಗಿಷ್ಟು! ಅದು ಧಾರಾವಾಹಿ ಕಣೇ, ಸತ್ತೋದ ತಾಯಿ ಪಾತ್ರ. ಮಾತಿಲ್ಲ, ಬಣ್ಣ ಇಲ್ಲ, ಬರೀ ಫೋಟೋ ಕೊಟ್ಟೆ. ಇಂಥ ಸುಖದ ಪಾತ್ರ ಜನ್ಮದಾಗೇ ಸಿಕ್ಕಿರ್ಲಿಲ್ಲ!”

ಪತ್ರ ಕೈಗಿಟ್ಟೆ. ಅದರಲ್ಲಿದ್ದ ನನ್ನ ಫೋಟೋದ ಮೇಲೆ ಬೆರಳಾಡಿಸಿ, “ಓದು, ಕೇಳ್ತೀನಿ” ಎಂದರು. ಓದಿದೆ. ಇನ್ನೊಂದು ಸಲ ಓದಿಸಿದರು. ಆಮೇಲೆ ಆ ಹಾರವನ್ನು ಎಣ್ಣೆಗೈಯಲ್ಲೇ ನನ್ನ ಕೊರಳಿಗೆ ಹಾಕಿದರು.

“ತಂದ ಹಾರ ದಂಡ ಆಗ್ಬಾರ್ದು.”

ಹೋದ ವರ್ಷ ಅಮ್ಮ ಮತ್ತೆ ಅದೇ ಸುದ್ದಿ ಹೇಳಿದಾಗ, “ಯಾವ ಧಾರಾವಾಹೀಲಮ್ಮಾ?” ಎಂದು ಕೇಳಿದೆ. “ಈ ಸಲ ಟಿವೀಲಲ್ಲ ಕಣೇ...” ಎಂದು ಅಮ್ಮ ಅತ್ತರು.

ಅತ್ತೆ ಇಲ್ಲ. ಆದರೂ ಕೊಟ್ಟ ಮಾತು ಅವರಿರುವಾಗಲೇ ನಡೆಯಿತು. ಎದೆಯ ಮೇಲೆ ಆ ಭಾರವಿಲ್ಲ. ನಕಲು ಮಾಡಿಸಿ ತಂದು, ಹಾರದ ತುಂಡನ್ನು ಪತ್ರದ ಮೇಲೇ ಇಟ್ಟು ಫೈಲು ಮುಚ್ಚಿದೆ.