ಮೇಣದಕ್ಕನವರ ಜನವರಿ

ದೇವಾಲಯ ಪರಿಚಾರಕರ ಸೇವೆಯನ್ನು ಕುರಿತು ಬರೆದವರು ಕಡಿಮೆ. ಪ್ರಸಂಗ ಚೆನ್ನಾಗಿದ್ದರೆ ಸಭಾಪಾಲಕರನ್ನು ಹೊಗಳುತ್ತೇವೆ, ಹಾಡು ಚೆನ್ನಾಗಿದ್ದರೆ ಗಾಯನ ಮಂಡಳಿಯನ್ನು ಹೊಗಳುತ್ತೇವೆ; ಬೆಂಚಿನ ಮೇಲೆ ಧೂಳಿಲ್ಲದಿದ್ದರೆ ಯಾರನ್ನೂ ಹೊಗಳುವುದಿಲ್ಲ. ಅಂಥ ಹೊಗಳಿಕೆಯಿಲ್ಲದ ಸೇವೆಯನ್ನು ನಮ್ಮ ಲೂಥರನ್ ಸಭೆಯಲ್ಲಿ ಮೂವತ್ತನಾಲ್ಕು ವರ್ಷ ಎಡೆಬಿಡದೆ ನಡೆಸಿ, ಈ ಜನವರಿಯ ಕೊನೆಗೆ ನಿವೃತ್ತರಾಗುತ್ತಿರುವ ಹಿರಿಯ ಸಹೋದರಿಯನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಮೇಣದಕ್ಕ ಎಂದೇ ಕರೆಯುತ್ತ ಬಂದಿದ್ದಾರೆ. ಬಲಿಪೀಠದ ಬಟ್ಟೆಯ ಮೇಲೆ ಬಿದ್ದ ಮೇಣವನ್ನು ಕಂದು ಕಾಗದ ಹಾಸಿ, ಹದವಾದ ಇಸ್ತ್ರಿಪೆಟ್ಟಿಗೆ ಒತ್ತಿ, ಕಲೆಯ ಸುಳಿವೂ ಇಲ್ಲದಂತೆ ತೆಗೆಯುವ ವಿದ್ಯೆ ಅವರಷ್ಟು ಬಲ್ಲವರು ಸುತ್ತಿನ ಯಾವ ಸಭೆಯಲ್ಲೂ ಇಲ್ಲ.

ಎರಡು ವರ್ಷದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಅವರು ಈ ಕೆಲಸಕ್ಕೆ ಸೇರಿದಾಗ ಅವರಿಗೆ ಇಪ್ಪತ್ತೆಂಟು ದಾಟಿರಲಿಲ್ಲ. ಸ್ವಭಾವದಿಂದ ಅವರು ಅಂಜುಬುರುಕರು. ಇದನ್ನು ಈ ಅಭಿನಂದನ ಗ್ರಂಥದಲ್ಲಿ ಬರೆಯುವುದಕ್ಕೆ ಅವರದೇ ಒಪ್ಪಿಗೆಯಿದೆ. ಆರಿಸಿದ ಮೇಣದಬತ್ತಿಯ ಬತ್ತಿಯನ್ನು ಒದ್ದೆ ಬೆರಳಿನಲ್ಲಿ ಹಿಚುಕಿ, ಬಾಗಿಲು ಹಾಕಿ, ಅರ್ಧ ದಾರಿ ಹೋಗಿ, ಮತ್ತೆ ತಿರುಗಿ ಬಂದು ಮುಟ್ಟಿ ನೋಡುವವರು. ಆ ಅಂಜಿಕೆಯಿಂದಲೇ ಹುಟ್ಟಿದ ಉಪಕಾರಗಳನ್ನು ಪಡೆದವರು ಸಭೆಯಲ್ಲಿ ಮನೆಗೊಬ್ಬರಿದ್ದಾರೆ. ಮಗು ಬೆಚ್ಚೀತೆಂದು ದೀಕ್ಷಾಸ್ನಾನದ ನೀರನ್ನು ಉಗುರುಬೆಚ್ಚಗೆ ಮಾಡಿಡುತ್ತಿದ್ದವರು ಅವರು. ಸಾವಿನ ಆರಾಧನೆಗೆ ಬಂದವರು ಕಣ್ಣೊರಸಲು ಏನೂ ತಂದಿರುವುದಿಲ್ಲವೆಂದು ಮುಂದಿನ ಎರಡು ಸಾಲುಗಳಲ್ಲಿ ಮಡಿಸಿದ ಕರವಸ್ತ್ರಗಳನ್ನು ಇಡುತ್ತಿದ್ದವರೂ ಅವರೇ.

ಡಿಸೆಂಬರ್ ಇಡೀ ಸಭೆಯದು, ಜನವರಿ ಮೇಣದಕ್ಕನವರೊಬ್ಬರದೇ. ನಕ್ಷತ್ರ ಕಟ್ಟುವುದಕ್ಕೆ ಇಪ್ಪತ್ತು ಜನ ಬರುತ್ತಾರೆ, ಬಿಚ್ಚುವುದಕ್ಕೆ ಒಬ್ಬರೂ ಬರುವುದಿಲ್ಲ. ಹೊಸ ವರ್ಷದ ಆರಾಧನೆ ಮುಗಿಯುತ್ತಲೇ ಜನ ಶಾಲೆಯ ಫೀಸು, ಕಚೇರಿಯ ರಜೆ ಎಂದು ಮಾತಾಡಿಕೊಂಡು ಮೆಟ್ಟಿಲಿಳಿಯುತ್ತಿದ್ದರೆ, ಕ್ರಿಸ್ತಜನನದ ಗೊಂಬೆಗಳಿರುವ ಗೋದಲಿಯ ಮುಂದೆ ಪೊರಕೆ ಹಿಡಿದು ನಿಂತ ಈ ಸಹೋದರಿಗೆ ಮಾತ್ರ ಕ್ರಿಸ್ಮಸ್ಸು ಈಗ ಶುರುವಾಯಿತೆನಿಸುತ್ತಿತ್ತು. ದೂತರು ಹೋದರು, ಕುರುಬರೂ ಹೋದರು. ಇನ್ನು ಉಳಿದದ್ದು ಒಂದು ಹಸುಗೂಸು, ಬಾಣಂತಿ ಮತ್ತು ಬೇತ್ಲೆಹೇಮಿನ ಗಂಡುಕೂಸುಗಳನ್ನೆಲ್ಲ ಕೊಲ್ಲಿಸಹೊರಟ ಅರಸ ಹೆರೋದ.

ಅಂದಿನ ಸಭಾಪಾಲಕರು ನಮ್ಮಲ್ಲಿ ಒಂದು ರೂಢಿ ತಂದಿದ್ದರು. ಸಭೆಯ ಪೂರ್ಣ ಸದಸ್ಯರಾಗಲು ದೃಢೀಕರಣಕ್ಕೆ ಸಿದ್ಧರಾಗುವ ನಮ್ಮ ಮಕ್ಕಳು ಹತ್ತು ಆಜ್ಞೆಗಳ ವಿವರಣೆಯನ್ನು ಬಾಯಿಪಾಠ ಮಾಡುವಾಗ ಪ್ರತಿ ಉತ್ತರವನ್ನೂ ‘ನಾವು ದೇವರಿಗೆ ಭಯಪಟ್ಟು’ ಎಂಬ ಮಾತಿನಿಂದಲೇ ಆರಂಭಿಸುತ್ತಾರಷ್ಟೆ. ದೇವರೊಬ್ಬನಿಗೆ ಭಯಪಡಬೇಕಾದವರು ಮಿಕ್ಕ ಭಯಗಳನ್ನೆಲ್ಲ ಎಲ್ಲಾದರೂ ಇಳಿಸಬೇಕು ಎಂಬುದು ಸಭಾಪಾಲಕರ ವಿಚಾರ. ಕ್ರಿಸ್ಮಸ್ಸಿನ ಮುನ್ನಾದಿನ ಪ್ರತಿಯೊಬ್ಬರೂ ಬರುವ ವರ್ಷದಲ್ಲಿ ತಮಗಿರುವ ದೊಡ್ಡ ಹೆದರಿಕೆಯನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆದು ಗೋದಲಿಯ ಹುಲ್ಲಿನಡಿ ಇಡುವುದು. ನಕ್ಷತ್ರ ಹಿಂಬಾಲಿಸಿ ಬಂದ ಜ್ಞಾನಿಗಳು ಮಗುವನ್ನು ಕಂಡ ದಿನವೆಂದು ಆಚರಿಸುವ ಜನವರಿ ಆರರ ಸಂಜೆ ಅವನ್ನು ಅಂಗಳದಲ್ಲಿ ಸುಡುವುದು. ಯಾರೂ ಓದುವುದಿಲ್ಲ. ಈ ಮಾತನ್ನು ಸಭಾಪಾಲಕರು ಬಲಿಪೀಠದ ಮುಂದೆ ನಿಂತು, ಕೈಯೆತ್ತಿ ಕೊಟ್ಟಿದ್ದರು.

ಮೇಣದಕ್ಕನವರ ಸೇವೆಯ ನಾಲ್ಕನೆಯ ಜನವರಿಯಲ್ಲಿ ಗೋದಲಿಯ ಮೇಲಿನ ಹೆಂಚು ಸರಿದು, ಅಕಾಲದ ಮಳೆಯ ನೀರು ಸೋರಿ, ಹುಲ್ಲೂ ಚೀಟಿಗಳೂ ತೊಯ್ದು ಮುದ್ದೆಯಾದವು. ಅಂದು ನಾಲ್ಕನೆಯ ತಾರೀಖು. ಒದ್ದೆ ಚೀಟಿ ಹೊತ್ತಿಕೊಳ್ಳುವುದಿಲ್ಲ. ಇಡೀ ಸಭೆಯ ಮುಂದೆ ಸಭಾಪಾಲಕರು ಕಡ್ಡಿಯ ಮೇಲೆ ಕಡ್ಡಿ ಗೀರುತ್ತ ನಿಲ್ಲಬೇಕಾದೀತು ಎಂದು ಮೇಣದಕ್ಕನವರು ಅಂಜಿದರು. ಬೇರೆ ಯಾರಾದರೂ ಬಿಸಿಲಿಗೆ ಹರವುತ್ತಿದ್ದರು. ಇವರು ಬಲಿಪೀಠದ ಬಟ್ಟೆಗಳನ್ನಿಡುವ ಕೋಣೆಯಾದ ವೆಸ್ಟ್ರಿಯ ಮೇಜಿನ ಮೇಲೆ ಕಂದು ಕಾಗದ ಹಾಸಿ, ಚೀಟಿಗಳನ್ನು ಬೋರಲು ಹಾಕಿ, ಬಲಿಪೀಠದ ಬಟ್ಟೆಗೆ ಮಾಡುವಂತೆಯೇ ಒಂದೊಂದಕ್ಕೂ ಇಸ್ತ್ರಿ ಹಾಕಲು ಕೂತರು. ಇಪ್ಪತ್ತೋ ಮೂವತ್ತೋ ಚೀಟಿ ಮುಗಿದಿತ್ತು. ಒಂದು ಮಾತ್ರ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಅಂಟಿ ಮೇಲೆ ಬಂತು. ಬಿಡಿಸಲು ಪೆಟ್ಟಿಗೆ ತಿರುಗಿಸಿದರೆ, ದಪ್ಪ ಅಕ್ಷರಗಳು ನೇರ ಕಣ್ಣಿಗೇ ಬಿದ್ದವು.

“ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣೂ ಮಂಜು. ಮನೆಯಲ್ಲೂ ಹೇಳಿಲ್ಲ. ರಜೆ ಮುಗಿದು, ಏಳನೇ ತಾರೀಖು ಮತ್ತೆ ಹತ್ತೊಂಬತ್ತು ಮಕ್ಕಳನ್ನು ಕೂರಿಸಿಕೊಂಡು ಹೊರಡಬೇಕು. ದೇವರೇ, ನನ್ನ ಕೈಯಿಂದ ಏನೂ ಆಗದಿರಲಿ.”

ಸಭೆಯ ಶಾಲೆಗೆ ಇದ್ದದ್ದು ಒಂದೇ ವ್ಯಾನು, ಅದಕ್ಕಿದ್ದದ್ದು ಒಬ್ಬನೇ ಚಾಲಕ. ಮಕ್ಕಳ ಬಾಯಲ್ಲಿ ವ್ಯಾನ್ ಮಾಮ. ಮೇಣದಕ್ಕನವರನ್ನು ಈ ಕೆಲಸಕ್ಕೆ ಶಿಫಾರಸು ಮಾಡಿ ಕರೆತಂದವರೂ ಅವರೇ. ಮೇಣದಕ್ಕನವರ ಆರು ತುಂಬಿದ ಮಗಳು ಆ ವ್ಯಾನಿನ ಎರಡನೆಯ ಸೀಟಿನಲ್ಲಿ ಕಿಟಕಿಗೆ ಮೂಗೊತ್ತಿಕೊಂಡು ಹೋಗುತ್ತಿದ್ದಳು.

ಅವರಿಗೆ ಮೊದಲು ಹೊಳೆದದ್ದು ಏನೆಂಬುದನ್ನು ಅವರು ಮುಚ್ಚಿಟ್ಟಿಲ್ಲ. ಏಳರ ಬೆಳಿಗ್ಗೆ ಮಗಳಿಗೆ ಜ್ವರ ಎಂದು ಹೇಳಿಕಳಿಸಿದರಾಯಿತು. ಆಮೇಲೆ ದಿನಾ ತಾವೇ ನಡೆಸಿಕೊಂಡು ಹೋದರಾಯಿತು. ಯಾರಿಗೂ ತಿಳಿಯುವುದಿಲ್ಲ, ಯಾರ ಅನ್ನಕ್ಕೂ ಕಲ್ಲು ಬೀಳುವುದಿಲ್ಲ, ಓದಬಾರದ್ದನ್ನು ಓದಿದ ತಪ್ಪೂ ಹೊರಬೀಳುವುದಿಲ್ಲ. ಇಷ್ಟು ಲೆಕ್ಕ ಹಾಕಿ ಚೀಟಿಯನ್ನು ಉಳಿದವುಗಳ ನಡುವೆ ಸೇರಿಸಿ ಎದ್ದವರು, ಗೋದಲಿಯ ಹತ್ತಿರ ಬಂದು ನಿಂತರು. ಹೆರೋದನ ಸಂಚು ತಿಳಿಸಿ ಯೋಸೇಫನಿಗೆ ಕನಸು ಬಿತ್ತು, ಎದ್ದ, ತನ್ನ ಮಗುವನ್ನು ಎತ್ತಿಕೊಂಡು ಐಗುಪ್ತಕ್ಕೆ ಹೋದ. ಬೇತ್ಲೆಹೇಮಿನ ಉಳಿದ ತಾಯಂದಿರ ಬಾಗಿಲನ್ನು ಯಾರೂ ತಟ್ಟಲಿಲ್ಲ.

ಮರುದಿನ ಅವರು ಸಭಾಪಾಲಕರ ಕೋಣೆಗೆ ಹೋಗಿ ಬಾಗಿಲಲ್ಲೇ ನಿಂತರು.

“ಅಯ್ಯನೋರೇ, ಒಂದು ಚೀಟಿ ಓದಿಬಿಟ್ಟೆ. ಬೇಕು ಅಂತ ಓದಿದ್ದಲ್ಲ.”

ಸಭಾಪಾಲಕರು ಕನ್ನಡಕ ತೆಗೆದರು. “ಯಾರದು ಅಂತ ಹೇಳ್ಬೇಡಿ. ನಾನು ಮಾತು ಕೊಟ್ಟಿದ್ದೀನಿ.”

“ಹೇಳ್ದೇ ಇದ್ರೆ ಹೇಗೆ ಅಯ್ಯನೋರೇ? ಸುಮ್ನಿರೋ ವಿಷಯ ಅಲ್ಲ.”

“ಯಾರ ಜೀವಕ್ಕಾದ್ರೂ ಅಪಾಯ ಇದೆಯಾ?”

“ಮಕ್ಕಳಿಗೆ.”

“ಎಷ್ಟು ಮಕ್ಕಳು?”

“ಹತ್ತೊಂಬತ್ತು.”

ಸಭಾಪಾಲಕರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ಹಾಗಾದ್ರೆ ನೀವು ಇಲ್ಲಿ ನಿಂತ್ಕೊಂಡು ಏನ್ ಮಾಡ್ತಿದ್ದೀರಿ ತಾಯಿ?” ಎಂದರು. “ಅವರ ಹತ್ರವೇ ಹೋಗಿ. ಅವರು ಕೇಳದಿದ್ರೆ ವಾಪಸ್ ಬನ್ನಿ. ನನ್ನ ಮಾತನ್ನ ನಾನೇ ಮುರೀತೀನಿ.”

ಆರರ ಬೆಳಿಗ್ಗೆ ವ್ಯಾನ್ ಮಾಮ ಶೆಡ್ಡಿನ ಮುಂದೆ ವ್ಯಾನು ತೊಳೆಯುತ್ತಿದ್ದರು. ಬಲಗಡೆ ಫಳಫಳ ಹೊಳೆಯುತ್ತಿತ್ತು. ಎಡಗಡೆ ಸೋಪಿನ ನೊರೆ ಹಾಗೇ ಒಣಗಿತ್ತು.

“ಏನ್ ತಂಗಿ, ದಾರಿ ತಪ್ಪಿ ಬಂದ್ಯಾ? ವ್ಯಾನಿಗೂ ಇಸ್ತ್ರಿ ಹಾಕ್ತೀಯಾ?”

“ಅಣ್ಣ, ಕಣ್ಣಿನ ಡಾಕ್ಟರ್ ಹತ್ರ ಹೋಗೋಣ ಬನ್ನಿ. ನಾನೂ ಬರ್ತೀನಿ.”

ಪೈಪಿನ ನೀರು ನೆಲದ ಮೇಲೆ ಹರಿಯುತ್ತಲೇ ಇತ್ತು. ಅವರು ಅರ್ಥ ಮಾಡಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

“ಕದ್ದು ಓದಿದ್ಯಾ?”

“ತಪ್ಪಾಯ್ತು ಅಣ್ಣ.”

“ನಾನು ದೇವರಿಗೆ ಬರ್ದಿದ್ದು. ನಿನಗಲ್ಲ.” ಧ್ವನಿ ಏರಿತು. “ಹದಿನೈದು ವರ್ಷ ಆಯ್ತು, ಈ ಗಾಡಿಗೆ ಒಂದು ಗೀರು ಬಿದ್ದಿದ್ಯಾ? ಯಾರನ್ ಬೇಕಾದ್ರೂ ಕೇಳು. ರಸ್ತೆ ನಂಗೆ ಕಣ್ಮುಚ್ಚಿದ್ರೂ ಗೊತ್ತು.”

“ರಸ್ತೆ ಗೊತ್ತು ಅಣ್ಣ. ರಸ್ತೆಗೆ ಅಡ್ಡ ಬರೋ ಮಗು ಗೊತ್ತಾ?”

“ಹೋಗು, ಹೇಳು. ಮೂರು ಹೆಣ್ಣುಮಕ್ಕಳು ಮನೇಲಿ ಕೂತಿದ್ದಾರೆ, ಅವರಿಗೂ ಹೇಳು. ನಿನ್ನ ಕೆಲಸಕ್ಕೆ ಸೇರಿಸಿದ್ದಕ್ಕೆ ಒಳ್ಳೇ ಉಪಕಾರ ತೀರಿಸ್ದೆ.”

ಮೇಣದಕ್ಕನವರು ಅತ್ತುಕೊಂಡೇ ಅಂದರಂತೆ: “ನೀವಾಗೇ ಹೇಳಿದ್ರೆ ಒಳ್ಳೇದು ಅಣ್ಣ. ಹೇಳದಿದ್ರೆ ಅಯ್ಯನೋರು ಹೇಳ್ತಾರೆ. ನಾಳೆ ನೀವು ಗಾಡಿ ತೆಗೆಯೋ ಹೊತ್ತಿಗೆ ನಾನು ಇಲ್ಲೇ ನಿಂತಿರ್ತೀನಿ. ಎಡಗಡೆ. ನಾನು ಕಂಡರೆ ಹೊರಡಿ, ನಾನೇ ಎಲ್ಲರ ಮುಂದೆ ನಿಮ್ಮ ಕ್ಷಮೆ ಕೇಳ್ತೀನಿ.”

ಅಂದು ಸಂಜೆ ಚೀಟಿಗಳು ಒಂದೇ ಕಡ್ಡಿಗೆ ಹೊತ್ತಿಕೊಂಡವು. ವ್ಯಾನ್ ಮಾಮನ ಕುಟುಂಬ ಬಂದಿತ್ತು, ಅವರು ಬಂದಿರಲಿಲ್ಲ. ಮೇಣದಕ್ಕನವರು ಸಭಾಪಾಲಕರಿಗೆ ನಡೆದದ್ದನ್ನು ಹೇಳಿದರು. ಬೆಳಿಗ್ಗೆ ಮೊದಲ ಮಗು ಹತ್ತುವ ಜಾಗದಲ್ಲಿ ತಾವು ನಿಂತಿರುವುದಾಗಿಯೂ, ವ್ಯಾನು ಅಲ್ಲಿಗೆ ಬಂದರೆ ತಾವೇ ತಡೆಯುವುದಾಗಿಯೂ ಸಭಾಪಾಲಕರು ಒಪ್ಪಿಕೊಂಡರು. ಶೆಡ್ಡಿನ ಹತ್ತಿರ ತಾವು ಎಡಗಡೆ ನಿಲ್ಲುವ ಮಾತನ್ನು ಮಾತ್ರ ಈ ಸಹೋದರಿ ಅವರಿಗೆ ಹೇಳಲಿಲ್ಲ.

ಏಳರ ಬೆಳಿಗ್ಗೆ ಏಳೂಕಾಲಿಗೆ ಅವರು ಶೆಡ್ಡಿನ ಬಾಗಿಲಿನಿಂದ ಎಂಟು ಹೆಜ್ಜೆ ಮುಂದೆ, ಓಣಿಯ ಎಡ ಗೋಡೆಯ ಪಕ್ಕ ನಿಂತರು. ಬೆಳಕು ಚೆನ್ನಾಗಿ ಹರಿದಿತ್ತು. ಮೈಮೇಲೆ ಕೆಂಪು ಶಾಲು. ವ್ಯಾನ್ ಮಾಮ ಬಂದರು, ಬಾಗಿಲ ಬಳಿ ನಿಂತು ಕತ್ತು ತಿರುಗಿಸಿ ಓಣಿಯುದ್ದಕ್ಕೂ ನೋಡಿದರು. ಇವರು, ಕಾಣಲಿ, ನಾನು ಕಾಣಲಿ, ನನ್ನದೇ ತಪ್ಪೆಂದಾಗಲಿ ಎಂದು ಪ್ರಾರ್ಥಿಸುತ್ತಿದ್ದರು. ವ್ಯಾನ್ ಮಾಮ ಹತ್ತಿ ಕೂತರು. ಇಂಜಿನ್ ಸದ್ದಾಯಿತು. ವ್ಯಾನು ಮುಂದೆ ಬಂತು, ಇನ್ನೂ ಮುಂದೆ ಬಂತು. ಮೇಣದಕ್ಕನವರಿಗೆ ಓಡಬೇಕೆನಿಸಿತಂತೆ, ಕಾಲು ಕೇಳಲಿಲ್ಲವಂತೆ. ಅದು ಧೈರ್ಯವೋ ಮರಗಟ್ಟಿದ ಹೆದರಿಕೆಯೋ ತಮಗೇ ಗೊತ್ತಿಲ್ಲವೆನ್ನುತ್ತಾರೆ. ಎಡಗನ್ನಡಿ ಭುಜಕ್ಕೆ ಬಡಿದು ಅವರನ್ನು ಗೋಡೆಗೆ ಎಸೆಯಿತು. ಕೊರಳ ಪಕ್ಕದ ಎಲುಬು ಮುರಿದ ಸದ್ದು ಅವರಿಗೇ ಕೇಳಿಸಿತು.

ವ್ಯಾನ್ ಮಾಮ ಇಳಿದು, ಬಾನೆಟ್ಟು ಹಿಡಿದುಕೊಂಡು ಸುತ್ತಿ ಬಂದರು.

“ತಂಗೀ… ಎಲ್ಲಿದ್ದೆ ನೀನು? ನೋಡ್ದೆ ಕಣಮ್ಮ, ಎಲ್ಲಾ ಕಡೆ ನೋಡ್ದೆ. ನೀನು ಬಂದಿಲ್ಲ ಅಂದ್ಕೊಂಡೆ.”

“ಹೇಳಿದ ಕಡೇನೇ ಇದ್ದೆ ಅಣ್ಣ.”

ವ್ಯಾನ್ ಮಾಮ ಅಲ್ಲೇ ನೆಲದ ಮೇಲೆ ಕೂತು ತಲೆಗೆ ಕೈಹೊತ್ತರು. ಆ ದಿನ ವ್ಯಾನು ಓಣಿಯಿಂದ ಹೊರಗೆ ಬರಲಿಲ್ಲ. ಶಾಲೆಗೆ ಹೋಗಿ ಹೇಳಿದವರು ಅವರೇ.

ಇದು ಯಾರೂ ಅನುಸರಿಸಬೇಕಾದ ದಾರಿಯೆಂದು ಮೇಣದಕ್ಕನವರು ಹೇಳುವುದಿಲ್ಲ, ನಾವೂ ಹೇಳುವುದಿಲ್ಲ. ಎಲ್ಲವೂ ಸುಖವಾಗಿ ಮುಗಿಯಿತೆಂದೂ ಇಲ್ಲ. ವೈದ್ಯರು ಬಲಗಣ್ಣಿನಲ್ಲಿ ಉಳಿದಿದ್ದಷ್ಟನ್ನು ಉಳಿಸಿಕೊಟ್ಟರು. ಚಾಲಕನ ಕೆಲಸ ಹೋಯಿತು. ಶಾಲೆಯ ಗೇಟಿನ ಕೆಲಸ ಸಿಕ್ಕಿತಾದರೂ ಮನೆ ಬಹಳ ಇಕ್ಕಟ್ಟಿನ ದಿನಗಳನ್ನು ಕಂಡಿತು. ಹನ್ನೊಂದು ವರ್ಷ ಅವರು ಮೇಣದಕ್ಕನವರೊಡನೆ ಮಾತಾಡಲಿಲ್ಲ. ಕೈಗೆ ಜೋಲಿ ಕಟ್ಟಿಕೊಂಡು ಚೀಟಿ ಓದಿದ ತಪ್ಪಿಗೆ ರಾಜೀನಾಮೆ ಕೊಡಲು ಹೋದ ಮೇಣದಕ್ಕನವರಿಗೆ ಸಭಾಪಾಲಕರು, “ಬಲಿಪೀಠಕ್ಕೆ ಇನ್ನೂ ಹಬ್ಬದ ಬಿಳಿ ಬಟ್ಟೆಯೇ ಇದೆ. ಮಾಮೂಲಿ ದಿನಗಳ ಹಸಿರು ಹಾಕಿ ಬನ್ನಿ, ಆಮೇಲೆ ನೋಡೋಣ” ಎಂದರು. ಆ ‘ಆಮೇಲೆ’ ಬರಲೇ ಇಲ್ಲ. ಪ್ರತಿ ವರ್ಷ ಶಾಲೆ ತೆರೆಯುವ ಬೆಳಿಗ್ಗೆ ಅವರು ಈಗಲೂ ಅಂಜುತ್ತಾರೆ. ಗೊತ್ತಿಲ್ಲದ ಯಾವ ಗಾಡಿಯಲ್ಲಿ ಗೊತ್ತಿಲ್ಲದ ಯಾವ ಮಗು ಕೂತಿದೆಯೋ ಎಂದು.

ಈ ಪ್ರಸಂಗವನ್ನು ಬರೆಯಲು ವ್ಯಾನ್ ಮಾಮನವರ ಅಪ್ಪಣೆ ಕೇಳಿದಾಗ, ಎಂಬತ್ತು ದಾಟಿದ ಅವರು, “ಬರೀರಿ. ಆದ್ರೆ ನಾನು ಅವಳನ್ನ ಕ್ಷಮಿಸಿದೆ ಅಂತ ಮಾತ್ರ ಬರೀಬೇಡಿ” ಎಂದರು. ಆಮೇಲೆ, “ಆ ಭುಜ ಈಗಲೂ ನೋಯುತ್ತಂತಾ?” ಎಂದು ಕೇಳಿದರು.

ನೋಯುತ್ತದೆ.

ಆ ಹತ್ತೊಂಬತ್ತು ಮಕ್ಕಳು ಇಂದು ತಾಯಂದಿರು, ತಂದೆಯರು. ಮಲಗಿದ ತನ್ನ ಮಕ್ಕಳ ಹೊದಿಕೆ ಸರಿಮಾಡಿ ಬಂದು ಈ ಸಾಲುಗಳನ್ನು ಬರೆಯುತ್ತಿರುವವಳೂ ಅವರಲ್ಲಿ ಒಬ್ಬಳು. ಆ ಏಳನೆಯ ತಾರೀಖಿನ ಬಗ್ಗೆ ಅವರನ್ನು ಕೇಳಿದರೆ ಎಲ್ಲರಿಗೂ ನೆನಪಿರುವುದು ಒಂದೇ: ವ್ಯಾನು ಬರಲಿಲ್ಲ, ರಜೆ ಒಂದು ದಿನ ಹೆಚ್ಚಾಯಿತು, ಬೀದಿಯಲ್ಲಿ ಕುಣಿದೆವು. ಅದಕ್ಕಿಂತ ಹೆಚ್ಚು ನಮಗೆ ಏನೂ ತಿಳಿಯದಂತೆ ನೋಡಿಕೊಂಡ ಹಿರಿಯ ಜೀವಕ್ಕೆ ದೇವರು ಆಯುಸ್ಸನ್ನೂ ಆರೋಗ್ಯವನ್ನೂ ಧಾರಾಳವಾಗಿ ಕೊಡಲಿ. ನಿವೃತ್ತಿಯ ನಂತರವೂ ಅವರು ಬಂದು ನಮ್ಮ ಬಾಗಿಲುಗಳನ್ನು ತಟ್ಟುತ್ತಿರಲಿ, ಹೆದರುತ್ತಲೇ ತಟ್ಟಲಿ, ನಾವು ಎದ್ದು ತೆರೆಯುವಂತಾಗಲಿ.