ಬೆಂಕಿಪೊಟ್ಟಣದೊಳಗಿನ ಹೆಸರು

ಆಳಂದದ ಬಜಾರಿನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಖಾದರಸಾಬನಿಗೆ ಒಂದು ಚಟ. ಕೈ ಹಚ್ಚಿದ ಪ್ರತಿ ರೇಡಿಯೊದ ಒಳಗೂ ಕೆಂಪು ಬಣ್ಣದಲ್ಲಿ ತನ್ನ ಹೆಸರು, ಊರು, ತಾರೀಖು ಬರೆಯಬೇಕು. “ಕೆಲಸಕ್ಕ ಹೆಸರಿರಬೇಕ್ರಿ. ಕೆಟ್ಟರ ಯಾರಿಗಿ ಬೈತೀರಿ?” ಎನ್ನುತ್ತಿದ್ದ.

೧೯೮೬ರಲ್ಲಿ ಮಾತು ಕದ್ದು ಕೇಳುವ ಯಂತ್ರದ ಬಿಡಿಭಾಗಗಳು ಅವನ ಅಂಗಡಿಗೂ ಬಂದವು. ಜೋಡಿಸಿದರೆ ಬೆಂಕಿಪೊಟ್ಟಣದಲ್ಲಿ ಹಿಡಿಸುವಷ್ಟು. ಒಂದು ಮನೆಯಲ್ಲಿಟ್ಟರೆ ಪಕ್ಕದ ಮನೆಯ ರೇಡಿಯೊದಲ್ಲಿ ಮಾತು ಕೇಳುತ್ತಿತ್ತು. ಲೈಸನ್ಸಿಲ್ಲದೆ ಮಾರಿದರೆ ಜೇಲೆಂದು ಅವನಿಗೆ ಗೊತ್ತಿತ್ತು. ಬಿಡಿಯಾಗಿ ಮಾರಿದರೆ ತಪ್ಪಿಲ್ಲವೆಂದು ತನಗೆ ತಾನೇ ವಕೀಲನಾಗಿದ್ದ. ಸರಸಂಬಾ ಊರಿನ ಬಸವಂತರಾಯ ಬಂದು, “ತೊಟ್ಟಿಲದಾಗಿನ ಕೂಸು ಅತ್ತರ ಹಿತ್ತಲದಾಗ ಕೇಳಬೇಕ್ರಿ, ನೀವ ಜೋಡಿಸಿ ಕೊಡ್ರಿ” ಎಂದು ಗೋಗರೆದಾಗ ಅದೂ ಆಯಿತು. ಜೋಡಿಸಿದ ಕೈ ಸುಮ್ಮನಿರಬೇಕಲ್ಲ? ಹೆಸರೂ ಬರೆಯಿತು.

ಹದಿನೈದು ದಿನದಲ್ಲಿ ಬಸವಂತರಾಯನ ಅತ್ತಿಗೆ, ವಿಧವೆ ಗೌರಾಬಾಯಿ, ಅಂಗಡಿಗೆ ಬಂದಳು. ಸೆರಗಿನ ಗಂಟು ಬಿಚ್ಚಿ ಅದೇ ಬೆಂಕಿಪೊಟ್ಟಣ ಇಟ್ಟಳು.

“ನನ್ನ ಮನ್ಯಾಗ ಬಸವಣ್ಣನ ಫೋಟೋದ ಹಿಂದ ಸಿಕ್ತರಿ. ಹೊಲದ ಪಾಲಿಂದು ವಕೀಲರ ಕೂಡ ಆಡಿದ ಮಾತೆಲ್ಲ ಮೈದುನಗ ಗೊತ್ತಾಗಾಕತ್ತಿತ್ತು. ನಿನ್ನಿ ನಾ ಅಳೋದು ಬಾಜೂ ಮನಿ ರೇಡಿಯೊದಾಗ ಕೇಳಿ ಮಂದಿ ಓಡಿ ಬಂದ್ರು. ಒಳಗ ಏನೋ ಬರದದ. ನನಗ ಓದಾಕ ಬರಂಗಿಲ್ಲ, ಊರಾಗ ಯಾರನ್ನೂ ನಂಬಂಗಿಲ್ಲ. ಓದಿ ಹೇಳ್ರಿ, ಠಾಣಾಕ ಹೋಗ್ತೇನಿ.”

ಖಾದರಸಾಬ ಪೊಟ್ಟಣ ತೆರೆದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಬೆರಳಿನ ಕೆಂಪು ಕಲೆಯನ್ನು ಲುಂಗಿಗೆ ಒರೆಸಿಕೊಂಡ. ಬಣ್ಣ ಅಳಿಸುವ ಥಿನ್ನರ್ ಶೀಸೆ ಪಕ್ಕದಲ್ಲೇ ಇತ್ತು. ಒಂದು ಹನಿ ಸಾಕು, ಅಂಗಡಿಯೂ ಉಳಿಯುತ್ತದೆ, ತಾನೂ ಉಳಿಯುತ್ತಾನೆ. “ಬೆಳಕಿಗಿ ಹಿಡದು ನೋಡ್ತೇನಿ” ಎಂದು ಅವಳಿಗೆ ಬೆನ್ನು ಮಾಡಿ ಅರಿವೆಯ ತುದಿ ಅದ್ದಿಯೂ ಬಿಟ್ಟ.

“ಗಂಡ ಸತ್ತಾಗೂ ನಾ ಮಂದಿ ಮುಂದ ಅತ್ತಾಕಿ ಅಲ್ರಿ,” ಎಂದಳು ಗೌರಾಬಾಯಿ ಹಿಂದಿನಿಂದ.

ಖಾದರಸಾಬನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅರಿವೆ ಬಿಸಾಕಿ ತಿರುಗಿದ.

“ಯವ್ವಾ, ಖಾದರಸಾಬ, ಆಳಂದ ಅಂತ ಬರದದ. ನನ್ನ ಹೆಸರ ಅದು. ಕೊಂಡಾವ ನಿಮ್ಮ ಮೈದುನ.”

ಗೌರಾಬಾಯಿ ಬೈಯಲಿಲ್ಲ. ಪೊಟ್ಟಣವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಮೆಟ್ಟಿಲಿಳಿದಳು. ಅವನು ಅಂಗಡಿಗೆ ಬೀಗ ಹಾಕಿ ಹಿಂದೆಯೇ ನಡೆದ.

ಠಾಣೆಯಲ್ಲಿ ಹವಾಲ್ದಾರ ಅವನ ಹೇಳಿಕೆ ಬರೆದು ಕಾಗದ ಮುಂದೆ ದೂಡಿದ. ಸಾವಿರ ಸಲ ಬರೆದ ಹೆಸರನ್ನು ಖಾದರಸಾಬ ಕಾಗದದ ಮೇಲೂ ಬರೆದು ಸಹಿ ಮಾಡಿದ. ಯಾರೂ ಕೇಳದಿದ್ದರೂ ಕೆಳಗೆ ತಾರೀಖೂ ಬರೆದ.